ಲ್ಯಾಪ್‌ಟಾಪ್ ಹಾಡು ಹಳೇ ರಿಸೀವರ್‌ಗೆ ಕೊಟ್ರೆ ಗುಂಯ್ ಅಂತಿದೆ, ದಾರಿ ಹೇಳಿ

ವಿದ್ಯಾನಗರ_ಮಹಡಿ (ಹಾಸನ)
ಎಲ್ರಿಗೂ ನಮಸ್ಕಾರ. ನಮ್ಮ ಮಾವನೋರು ಮನೆ ಬದಲಾಯಿಸುವಾಗ ಅವರ ಹಳೇ 5.1 ರಿಸೀವರ್ (ಸುತ್ತಲೂ ಇಟ್ಟ ಸ್ಪೀಕರ್‌ಗಳನ್ನ ಓಡಿಸೋ ಆಂಪ್ಲಿಫೈಯರ್ ಡಬ್ಬ) ಮತ್ತೆ ಎರಡು ಆಳೆತ್ತರದ ಸ್ಪೀಕರ್ ನನ್ನ ತಲೆಗೆ ಕಟ್ಟಿದ್ರು. ಬೇಡ ಅನ್ನೋಕೆ ಮನಸ್ಸೂ ಬರಲಿಲ್ಲ. ರಿಸೀವರ್ ಹಿಂದೆ ಎಚ್‌ಡಿಎಂಐ ಇದೆ, ಆಪ್ಟಿಕಲ್ ಅಂತ ಬರೆದಿರೋ ಚೌಕದ ತೂತಿದೆ, ಕೆಂಪು-ಬಿಳಿ ಪಿನ್ ಹಾಕೋ ಜಾಗ ಬೇಕಾದಷ್ಟಿದೆ. ಮುಂದೆ ಒಂದು ಯುಎಸ್‌ಬಿ. ವೈಫೈ, ಲ್ಯಾನ್, ಬ್ಲೂಟೂತ್ ಯಾವುದೂ ಇಲ್ಲ.

ನನ್ನ ಹತ್ರ ಹಾಡು ರಾಶಿ ಇದೆ. ನಮ್ಮದೇ ಸೀಡಿಯಿಂದ ತೆಗೆದ ಫ್ಲ್ಯಾಕ್ ಫೈಲು (ದನಿ ಏನೂ ಕಳೆಯದೇ ಕುಗ್ಗಿಸಿದ್ದು), ಕಾಲೇಜು ಕಾಲದ ಎಂಪಿ3, ಮಾವನೋರ ಕ್ಯಾಸೆಟ್ಟಿಂದ ಇಳಿಸಿದ ಕಚೇರಿಗಳು. ಹೆಡ್‌ಫೋನ್ ತೂತಿಂದ ಕೆಂಪು-ಬಿಳಿ ಪಿನ್ನಿನ ಕೇಬಲ್ ಎಳೆದು ರಿಸೀವರಿನ ಆಕ್ಸ್ ತೂತಿಗೆ ಕೊಟ್ಟೆ. ಹಾಡು ಬರುತ್ತೆ, ಜೊತೆಗೆ ಗುಂಯ್ ಅನ್ನೋ ಸದ್ದೂ ಬರುತ್ತೆ. ಆಲಾಪನೆ ಮೆಲ್ಲಗಾದ್ರೆ ಗುಂಯ್ ಒಂದೇ ಕೇಳೋದು. ಪೆನ್‌ಡ್ರೈವ್ ಮುಂದೆ ಚುಚ್ಚಿದ್ರೆ ‘ನಾಟ್ ಸಪೋರ್ಟೆಡ್’ ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯುತ್ತೆ. ಸಾಲದ್ದಕ್ಕೆ ಲ್ಯಾಪ್‌ಟಾಪ್ ಇರೋದು ಮಹಡಿ ಮೇಲೆ, ರಿಸೀವರ್ ಕೆಳಗೆ ಹಾಲ್‌ನಲ್ಲಿ.

ಅಂಗಡಿಯಲ್ಲಿ ಕೇಳಿದ್ರೆ ‘ಅದನ್ನ ಗುಜರಿಗೆ ಹಾಕಿ ಸಾರ್, ಹೊಸದು ತಗೊಳಿ’ ಅಂತಾರೆ. ನಿಜವಾಗ್ಲೂ ಹೊಸದು ಬೇಕಾ?

ತಣ್ಣೀರುಹಳ್ಳ_ಎಕ್ಸ್‌ಪ್ರೆಸ್ (ಹಾಸನ)
ಐನೂರು ರೂಪಾಯಿ ಬ್ಲೂಟೂತ್ ಅಡಾಪ್ಟರ್ ತಂದು ಆಕ್ಸ್‌ಗೆ ಹಾಕಿ. ಕಥೆ ಮುಗೀತು.

ಚಿನ್ನದ_ಕಿವಿ (ಚಿಕ್ಕಮಗಳೂರು)
ಅಯ್ಯೋ, ಕಥೆ ಮುಗಿಯೋದು ಸಂಗೀತದ್ದು. ಅಷ್ಟು ಕಷ್ಟಪಟ್ಟು ಸೀಡಿಯಿಂದ ಫ್ಲ್ಯಾಕ್ ಮಾಡಿಟ್ಟಿದ್ದಾರೆ. ಸೀಡಿ ಅಂದ್ರೆ ಸೆಕೆಂಡಿಗೆ 1411 ಕಿಲೋಬಿಟ್. ಆ ಅಡಾಪ್ಟರ್‌ನಲ್ಲಿರೋದು ಎಸ್‌ಬಿಸಿ ಅನ್ನೋ ದನಿ ಕುಗ್ಗಿಸೋ ವಿಧಾನ, ಅದು ಸಾಮಾನ್ಯವಾಗಿ 328ಕ್ಕೆ ನಿಲ್ಲುತ್ತೆ. ಮೇಲೆ ಅದರೊಳಗಿನ ಡ್ಯಾಕ್ (ಡಿಜಿಟಲ್ ಅಂಕಿಯನ್ನ ದನಿಯ ಸಿಗ್ನಲ್ ಮಾಡೋ ಚಿಪ್) ಕಡಲೆಬೀಜದ ರೇಟಿಂದು.

ತಣ್ಣೀರುಹಳ್ಳ_ಎಕ್ಸ್‌ಪ್ರೆಸ್ (ಹಾಸನ)
ಕೇಳೋದು ಮನೆ ಹಾಲ್‌ನಲ್ಲಿ ಗುರೂ, ಕುಕ್ಕರ್ ಕೂಗೋ ಸದ್ದಿನ ಮಧ್ಯೆ. 328 ಸಾಕು.

ಚಿನ್ನದ_ಕಿವಿ (ಚಿಕ್ಕಮಗಳೂರು)
ಎಲ್‌ಡ್ಯಾಕ್ ಅನ್ನೋ ಇನ್ನೊಂದು ವಿಧಾನ ಇರೋ ಅಡಾಪ್ಟರ್ ಆದ್ರೆ 990ರವರೆಗೆ ಹೋಗುತ್ತೆ, ಅದಾದ್ರೂ ತಗೊಳ್ಲಿ.

ಪೈ_ಹುಡುಗ (ಹಾಸನ)
ಅಣ್ಣ, ಎಲ್‌ಡ್ಯಾಕ್ ಕಳಿಸೋ ಕಡೇನೂ ಇರಬೇಕು. ಆಂಡ್ರಾಯ್ಡ್ ಫೋನ್‌ನಲ್ಲಿ ಇರುತ್ತೆ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ತಾನಾಗೇ ಬರಲ್ಲ. ಇವರ ಹಾಡಿರೋದು ಲ್ಯಾಪ್‌ಟಾಪ್‌ನಲ್ಲಿ. ಮಧ್ಯೆ ಮಹಡಿ ಸ್ಲ್ಯಾಬ್ ಬೇರೆ ಇದೆ.

ರೋಬಸ್ಟಾ_ರಾಯ (ಮೂಡಿಗೆರೆ)
ಸ್ವಲ್ಪ ತಡೀರಿ ಮಾರಾಯ್ರೆ. ಅವರು ಕೇಳಿದ್ದು ಗುಂಯ್ ಬಗ್ಗೆ, ನೀವು ಹೋಗಿದ್ದು ಎಲ್ಲಿಗೆ.

ಮಹಡಿಯವರೇ, ಮೊದಲು ಹಾಡು ಓಡ್ತಿರುವಾಗಲೇ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತ್ರೆ ಅದು ಅರ್ಥ್ ಲೂಪು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆ ಗುಂಯ್ ಅದರದ್ದೇ ದನಿ. ಆಗೋದು ಏನಂದ್ರೆ, ನಿಮ್ಮ ಚಾರ್ಜರ್‌ಗೆ ಮೂರು ಪಿನ್, ಆ ದಾರಿಯಲ್ಲಿ ಲ್ಯಾಪ್‌ಟಾಪ್‌ಗೆ ಒಂದು ಅರ್ಥ್ ಸಿಗುತ್ತೆ. ರಿಸೀವರ್‌ಗೆ ಇನ್ನೆಲ್ಲಿಂದಲೋ ಇನ್ನೊಂದು ಅರ್ಥ್ ಬರ್ತಾ ಇರುತ್ತೆ. ಎರಡರ ಮಟ್ಟ ಒಂದೇ ಇರಲ್ಲ. ನೀವು ಆಡಿಯೋ ಕೇಬಲ್ ಚುಚ್ಚಿದ ತಕ್ಷಣ ಆ ವ್ಯತ್ಯಾಸದ ಕರೆಂಟು ಕೇಬಲ್ಲಿನ ಹೊರಗಿನ ಜಾಲರಿಯಲ್ಲಿ ಹರಿಯುತ್ತೆ. ರಿಸೀವರ್ ಅದನ್ನೂ ಹಾಡು ಅಂದ್ಕೊಂಡು ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುತ್ತೆ.

ಇನ್ನೊಂದು ನೋಡಿ. ಸದ್ದು ಗುಂಯ್ ಅಂತ ಒಂದೇ ಸಮ ಇದೆಯಾ, ಇಲ್ಲಾ ಮೌಸ್ ಆಡಿಸಿದಾಗ ಚಿರ್ ಚಿರ್ ಅಂತ ಬದಲಾಗುತ್ತಾ? ಬದಲಾದ್ರೆ ಕಂಪ್ಯೂಟರ್ ಒಳಗಿನ ಗಲಾಟೆ ಸೇರ್ಕೊಳ್ತಿದೆ ಅಂತ ಅರ್ಥ.

ಮತ್ತೆ, ರಿಸೀವರ್‌ಗೆ ಸೆಟ್‌ಟಾಪ್ ಬಾಕ್ಸ್ ಸಿಗಿಸಿದೀರಾ?

ಕೊಟ್ಟಿಗೆಹಾರದ_ಮಂಜು
ಇದಕ್ಕೆಲ್ಲಾ ಇಷ್ಟು ತಲೆ ಯಾಕೆ. ನಮ್ಮಲ್ಲೂ ಹೀಗೇ ಇತ್ತು, ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿಂದ ದಪ್ಪ ಪಿನ್ ಕಿತ್ತು ಹಾಕಿದ. ಗುಂಯ್ ಇಲ್ಲ, ಎಂತದೂ ಇಲ್ಲ.

ರೋಬಸ್ಟಾ_ರಾಯ (ಮೂಡಿಗೆರೆ)
ಆ ದಪ್ಪ ಪಿನ್ನೇ ಅರ್ಥು ಮಾರಾಯ! ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ನಿಂತು ಆ ಪೆಟ್ಟಿಗೆ ಮುಟ್ಟಿದ ದಿನ ಗೊತ್ತಾಗುತ್ತೆ. ಒಳಗೆ ಒಂದು ವೈರು ಬಾಡಿಗೆ ತಾಗಿದ್ರೆ ಕರೆಂಟಿಗೆ ಇಳಿಯೋಕೆ ದಾರಿ ಆ ಪಿನ್ನು ಮಾತ್ರ. ಅದಿಲ್ಲದಿದ್ರೆ ದಾರಿ ನೀನೇ. ಇವತ್ತೇ ಹೊಸ ಪ್ಲಗ್ ಹಾಕಿಸು.

ಕೊಟ್ಟಿಗೆಹಾರದ_ಮಂಜು
ಲ್ಯಾಪ್‌ಟಾಪ್ ಮುಟ್ಟಿದ್ರೆ ಸಣ್ಣಗೆ ಜುಂ ಅನ್ನೋದು ಅದಕ್ಕೇನಾ?

ರೋಬಸ್ಟಾ_ರಾಯ (ಮೂಡಿಗೆರೆ)
ಅದಕ್ಕೇ. ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸ್ವಲ್ಪ ಸ್ವಲ್ಪ ಸೋರಿದ್ದು ಅರ್ಥ್‌ಗೆ ಹೋಗಬೇಕು. ಅರ್ಥ್ ಇಲ್ಲ, ಲೋಹದ ಬಾಡಿಗೆ ಬಂದು ಕೂತಿದೆ. ಹಾಗೇ ಅರ್ಥ್ ಗುಂಡೀನೂ ಒಂದ್ಸಲ ನೋಡ್ಸಿ. ಇದ್ದಿಲು-ಉಪ್ಪು ಹಾಕಿದ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ರೆ ಅರ್ಥ್ ಹೆಸರಿಗಷ್ಟೇ ಇರುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ನಾವು ಅದಕ್ಕೂ ಬಿಂದಿಗೆ ನೀರು ಹೊಯ್ತೀವಿ, ಹೂಮಳೆ ಬರೋವರೆಗೆ.

ಕಡೂರು_ಕೊಬ್ಬರಿ
ನಮ್ಮಲ್ಲಿ ಹೂಮಳೇನೂ ಇಲ್ಲ, ಬೇರೆ ಮಳೇನೂ ಇಲ್ಲ. ವರ್ಷವಿಡೀ ಬಿಂದಿಗೆ.

ವಿದ್ಯಾನಗರ_ಮಹಡಿ (ಹಾಸನ)
ರಾಯರೇ, ನೀವಂದಂಗೇ ಚಾರ್ಜರ್ ತೆಗೆದೆ. ಗುಂಯ್ ಟಕ್ ಅಂತ ನಿಂತೋಯ್ತು! ಮತ್ತೆ ಚಾರ್ಜರ್ ಹಾಕಿ, ಈ ಸಲ ಸೆಟ್‌ಟಾಪ್ ಬಾಕ್ಸ್‌ಗೆ ಕಂಬದಿಂದ ಬರೋ ಕೇಬಲ್ ಬಿಚ್ಚಿದೆ. ಆಗ್ಲೂ ನಿಂತೋಯ್ತು. ರಿಸೀವರ್‌ದು ಎರಡೇ ಪಿನ್ ಪ್ಲಗ್ಗು. ಹಂಗಿದ್ದ ಮೇಲೆ ಅದಕ್ಕೆ ಅರ್ಥ್ ಎಲ್ಲಿಂದ ಬಂತು?

ರೋಬಸ್ಟಾ_ರಾಯ (ಮೂಡಿಗೆರೆ)
ಕೇಬಲ್ ಟೀವಿ ವೈರಿನ ಹೊರಜಾಲರಿಯಿಂದ. ಅದು ಬೀದಿಯಲ್ಲಿ ಎಲ್ಲೋ ಅರ್ಥ್ ಆಗಿರುತ್ತೆ. ಅಲ್ಲಿಂದ ಸೆಟ್‌ಟಾಪ್, ಸೆಟ್‌ಟಾಪಿಂದ ರಿಸೀವರ್, ರಿಸೀವರಿಂದ ಲ್ಯಾಪ್‌ಟಾಪ್, ಲ್ಯಾಪ್‌ಟಾಪಿಂದ ನಿಮ್ಮ ಮನೆ ಅರ್ಥು. ಸುತ್ತು ಪೂರ್ತಿ ಆಯ್ತು. ಎಲ್ಲಿ ಕತ್ತರಿಸಿದ್ರೂ ಸದ್ದು ನಿಲ್ಲುತ್ತೆ, ಅರ್ಥ್ ಪಿನ್ ಒಂದನ್ನ ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಕತ್ತರಿಸಿ.

ಚಿನ್ನದ_ಕಿವಿ (ಚಿಕ್ಕಮಗಳೂರು)
ಹಾಗಾದ್ರೆ ಒಳ್ಳೇ ಯುಎಸ್‌ಬಿ ಡ್ಯಾಕ್ ತಗೊಳಿ. ಲ್ಯಾಪ್‌ಟಾಪ್ ಒಳಗಿನ ಸೌಂಡ್ ಕಾರ್ಡಿಗಿಂತ ಎಷ್ಟೋ ಮೇಲು, ಗುಂಯ್ ಕೂಡ ಹೋಗುತ್ತೆ.

ರೋಬಸ್ಟಾ_ರಾಯ (ಮೂಡಿಗೆರೆ)
ದನಿ ಸುಧಾರಿಸಬಹುದು. ಗುಂಯ್ ಹೋಗುತ್ತೆ ಅನ್ನೋದು ಸರಿಯಲ್ಲ. ಯುಎಸ್‌ಬಿ ಕೇಬಲ್ಲಿನಲ್ಲೂ ಗ್ರೌಂಡ್ ವೈರ್ ಇದೆ, ಡ್ಯಾಕಿಂದ ರಿಸೀವರ್‌ಗೆ ಹೋಗೋ ಕೆಂಪು-ಬಿಳಿ ಕೇಬಲ್ಲಿನಲ್ಲೂ ಇದೆ. ಸುತ್ತು ಹಾಗೇ ಉಳಿಯುತ್ತೆ, ಕಿಸೆ ಮಾತ್ರ ಹಗುರಾಗುತ್ತೆ. ಸುತ್ತನ್ನ ನಿಜವಾಗಿ ಕಡಿಯೋಕೆ ಸುಲಭದ ದಾರಿ ಎರಡು. ಒಂದು, ಮಧ್ಯೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರೋ ಐಸೊಲೇಟರ್. ಕಮ್ಮಿ ಬೆಲೆಯದ್ದು ಮಂದ್ರದ ದನಿ ಸ್ವಲ್ಪ ತಿನ್ನುತ್ತೆ, ಮೃದಂಗದ ಎಡಗಡೆ ತೊಪ್ಪಿ ಸಪ್ಪೆಯಾಗುತ್ತೆ. ಇನ್ನೊಂದು, ಆಪ್ಟಿಕಲ್. ಅದರಲ್ಲಿ ಹೋಗೋದು ಬರೀ ಬೆಳಕು, ತಾಮ್ರದ ಸಂಬಂಧವೇ ಇಲ್ಲ.

ಅರಸೀಕೆರೆ_ಜಂಕ್ಷನ್
ಎಚ್‌ಡಿಎಂಐ ಇರುವಾಗ ಇದೆಲ್ಲಾ ಯಾಕೆ? ಒಂದೇ ಕೇಬಲ್, ಎರಡು ಚಾನೆಲ್ಲೂ ಹೋಗುತ್ತೆ, 5.1ಕ್ಕೆ ಬೇಕಾದ್ದೂ ಹೋಗುತ್ತೆ. ಆಪ್ಟಿಕಲ್‌ನಲ್ಲಿ ಕುಗ್ಗಿಸದ 5.1 ಹೋಗಲ್ಲ, ಸ್ಟೀರಿಯೋ ಅಷ್ಟೇ. ಡಾಲ್ಬಿ, ಡಿಟಿಎಸ್ ಬೇಕಂದ್ರೆ ಕುಗ್ಗಿಸಿದ್ದು ಹೋಗುತ್ತೆ.

ಪೈ_ಹುಡುಗ (ಹಾಸನ)
ಅವರದ್ದು ಹಾಡು ಸಾರ್, ಎಲ್ಲಾ ಸ್ಟೀರಿಯೋ. ಕ್ಯಾಸೆಟ್‌ದು ಮೋನೋನೇ ಇರಬಹುದು. 5.1 ತಗೊಂಡು ಏನ್ ಮಾಡ್ತಾರೆ?

ಮತ್ತೆ ಎಚ್‌ಡಿಎಂಐನಲ್ಲಿ ಒಂದು ಕಿರಿಕಿರಿ ಇದೆ. ಅದರಲ್ಲಿ ದನಿ ಒಂದೇ ಹೋಗಲ್ಲ, ಚಿತ್ರದ ಸಿಗ್ನಲ್ ಮೇಲೇ ಸವಾರಿ. ಹಾಗಾಗಿ ವಿಂಡೋಸ್ ರಿಸೀವರನ್ನ ಎರಡನೇ ಪರದೆ ಅಂದ್ಕೊಳ್ಳುತ್ತೆ. ಮೌಸ್ ಪಾಯಿಂಟರ್ ಕಾಣದ ಪರದೆಗೆ ಹೋಗಿ ಕೂರುತ್ತೆ. ರಿಸೀವರ್ ಆಫ್ ಮಾಡಿದ್ರೆ ಸದ್ದು ವಾಪಸ್ ಲ್ಯಾಪ್‌ಟಾಪ್ ಸ್ಪೀಕರ್‌ಗೆ.

ತುಂಬಾ ಹಳೇ ರಿಸೀವರ್ ಆದ್ರೆ ಇನ್ನೊಂದು ತೊಂದರೆ. ಕೆಲವು ಎಚ್‌ಡಿಎಂಐಯನ್ನ ಟೀವಿಗೆ ದಾಟಿಸ್ತವೆ ಅಷ್ಟೇ, ಅದರೊಳಗಿನ ದನಿ ತೆಗೆಯೋಕೆ ಬರಲ್ಲ. ಮ್ಯಾನ್ಯುಯಲ್ ನೋಡಿ.

ತಣ್ಣೀರುಹಳ್ಳ_ಎಕ್ಸ್‌ಪ್ರೆಸ್ (ಹಾಸನ)
ಮಾವನ ಮನೆ ರಿಸೀವರ್‌ಗೆ ಮ್ಯಾನ್ಯುಯಲ್ಲಾ? ಮಾವನೇ ಮ್ಯಾನ್ಯುಯಲ್ಲು.

ವಿದ್ಯಾನಗರ_ಮಹಡಿ (ಹಾಸನ)
😀 ಕಂಪನಿ ಸೈಟ್‌ನಲ್ಲಿ ಸಿಕ್ತು. ನಮ್ಮದು ಬರೀ ದಾಟಿಸೋ ಜಾತಿಯದ್ದೇ. ಹಂಗಾಗಿ ಎಚ್‌ಡಿಎಂಐ ಕೈಬಿಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಇಲ್ಲ.

ಪೆನ್‌ಡ್ರೈವ್ ವಿಷಯ ಯಾರೂ ಹೇಳಲಿಲ್ಲ.

ಅರಸೀಕೆರೆ_ಜಂಕ್ಷನ್
ಪೆನ್‌ಡ್ರೈವ್ 64 ಜಿಬಿದಾ? ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ (ಫೈಲು ಜೋಡಿಸಿಡೋ ಒಂದು ಪದ್ಧತಿ) ಇರುತ್ತೆ. ಹಳೇ ರಿಸೀವರ್‌ಗೆ ಗೊತ್ತಿರೋದು ಫ್ಯಾಟ್32 ಒಂದೇ. ಎನ್‌ಟಿಎಫ್‌ಎಸ್ ಕೂಡ ಓದಲ್ಲ. 32 ಜಿಬಿ ಪೆನ್‌ಡ್ರೈವ್ ತಗೊಂಡು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ದೊಡ್ಡದಿದ್ರೆ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಬಹಳ ಕಾಲ 32 ಜಿಬಿ ಮೇಲೆ ಫ್ಯಾಟ್32 ತೋರಿಸ್ತಾನೇ ಇರಲಿಲ್ಲ, ಬೇರೆ ಉಚಿತ ತಂತ್ರಾಂಶ ಬೇಕಾಗಬಹುದು. ಒಂದೊಂದು ಫೈಲು 4 ಜಿಬಿ ದಾಟಬಾರದು, ಹಾಡಿಗೆ ಅದು ಚಿಂತೆಯಲ್ಲ.

ಅಷ್ಟಾದ್ಮೇಲೂ ಎಂಪಿ3 ಓದಿ ಫ್ಲ್ಯಾಕ್ ಓದದೇ ಇರಬಹುದು. ಫ್ಲ್ಯಾಕ್ 2001ರಿಂದ ಇದೆ, ಆದ್ರೂ ಹಳೇ ರಿಸೀವರ್‌ಗಳ ಮುಂದಿನ ಯುಎಸ್‌ಬಿಗೆ ಅದು ಬಹಳ ತಡವಾಗಿ ಬಂತು.

ಬಾಳೆಹೊನ್ನೂರು_ಭದ್ರಾ
ಅದೇ ಮುಂದಿನ ಯುಎಸ್‌ಬಿಗೆ ಲ್ಯಾಪ್‌ಟಾಪಿಂದ ನೇರ ಕೇಬಲ್ ಕೊಟ್ರೆ ಆಗಲ್ವಾ?

ಪೈ_ಹುಡುಗ (ಹಾಸನ)
ಆಗಲ್ಲ ಅಕ್ಕ. ಅದು ಪೆನ್‌ಡ್ರೈವ್ ಓದೋಕೆ ಇರೋ ತೂತು. ಲ್ಯಾಪ್‌ಟಾಪೂ ಯಜಮಾನ, ರಿಸೀವರೂ ಯಜಮಾನ. ಇಬ್ಬರೂ ಆರ್ಡರ್ ಮಾಡ್ತಾ ಕೂತ್ರೆ ಕೆಲಸ ಮಾಡೋರಿಲ್ಲ.

ತಂಬೂರಿ_ಶ್ರುತಿ (ಅರಕಲಗೂಡು)
ಇನ್ನೊಂದು ನಾನು ಹೇಳ್ತೀನಿ. ಹಾಡಿನ ಹೆಸರು ಕನ್ನಡದಲ್ಲಿ ಬರೆದಿಟ್ಟಿದ್ರೆ ರಿಸೀವರಿನ ಸಣ್ಣ ಪರದೆ ಮೇಲೆ ಬರೀ ಪ್ರಶ್ನೆಚಿಹ್ನೆ, ಇಲ್ಲಾ ಖಾಲಿ ಡಬ್ಬ. ಫೈಲಲ್ಲಿ ಏನೂ ಕೆಟ್ಟಿರಲ್ಲ, ಆ ಪರದೆಗೆ ಕನ್ನಡ ಅಕ್ಷರ ಕೂಡಿಸೋಕೆ ಬರಲ್ಲ ಅಷ್ಟೇ. ನಾನು ಕಂಪ್ಯೂಟರಲ್ಲಿ ಕನ್ನಡದಲ್ಲೇ ಇಟ್ಕೊಂಡು, ಪೆನ್‌ಡ್ರೈವ್‌ಗೆ ಹಾಕೋ ನಕಲಿಗೆ ಮಾತ್ರ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಕೊಡ್ತೀನಿ. ಮುಂದೆ 01, 02 ಅಂತ ಅಂಕಿ ಹಾಕೋದು ಮರೀಬೇಡಿ. ಇಲ್ಲಾಂದ್ರೆ ಮಂಗಳ ಮೊದಲು ಬಂದು ವರ್ಣ ಕೊನೆಗೆ ಬರುತ್ತೆ.

ನನ್ನದೂ ಒಂದು ಪ್ರಶ್ನೆ ಇದೆ. ರಾಗ-ತಾನ-ಪಲ್ಲವಿ ಸೀಡಿಯಲ್ಲಿ ಮೂರು ಟ್ರ್ಯಾಕ್ ಮಾಡಿರ್ತಾರೆ. ಪೆನ್‌ಡ್ರೈವ್‌ನಲ್ಲಿ ತಾನ ಮುಗಿದು ಪಲ್ಲವಿಗೆ ಹೋಗೋ ಜಾಗದಲ್ಲಿ ಟಕ್ ಅಂತ ಕಡಿದು ಮತ್ತೆ ಶುರುವಾಗುತ್ತೆ. ತಂಬೂರಿ ಕಡಿಯೋದು ನನಗೆ ಹೊಟ್ಟೇಲಿ ಕೈ ಹಾಕಿದ ಹಾಗಾಗುತ್ತೆ. ಇದಕ್ಕೆ ಮದ್ದಿದೆಯಾ?

ರೋಬಸ್ಟಾ_ರಾಯ (ಮೂಡಿಗೆರೆ)
ಅರಕಲಗೂಡು ಕಡೆಯವರಾ ಅಕ್ಕ? ಹಾಗಾದ್ರೆ ರುದ್ರಪಟ್ಟಣ ಹತ್ರವೇ.

ತಂಬೂರಿ_ಶ್ರುತಿ (ಅರಕಲಗೂಡು)
ಹೌದು ಸಾರ್, ಹತ್ರವೇ. ಕಾವೇರಿ ದಂಡೆಯ ಆ ಒಂದು ಸಣ್ಣ ಊರಿಂದ ಎಷ್ಟು ಜನ ಸಂಗೀತಗಾರರು! ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲೇ. ತ್ಯಾಗರಾಜನ್-ತಾರಾನಾಥನ್ ಸಹೋದರರು ಊರ ಹೆಸರನ್ನೇ ಇಟ್ಕೊಂಡು ಹಾಡಿದೋರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿ ಆಕಾರದ ಮಂದಿರಾನೇ ಕಟ್ಟಿಸಿದ್ದಾರೆ. ನಮ್ಮ ಮನೇಲಿ ಹಳೇ ರೇಡಿಯೋ ಕಚೇರಿಗಳ ಕ್ಯಾಸೆಟ್ ಇವೆ, ಅದಕ್ಕೇ ನಾನು ಈ ತಲೆನೋವಿಗೆಲ್ಲಾ ಕೈ ಹಾಕಿದ್ದು.

ಪೈ_ಹುಡುಗ (ಹಾಸನ)
ಅಕ್ಕ, ಮದ್ದಿದೆ. ಫೂಬಾರ್2000 ಥರದ ಪ್ಲೇಯರ್‌ನಲ್ಲಿ ಟ್ರ್ಯಾಕ್ ನಡುವೆ ಬಿಡುವೇ ಬರಲ್ಲ, ಫ್ಲ್ಯಾಕ್ ಆದ್ರೆ ಕೂದಲೆಳೆಯಷ್ಟೂ ಇಲ್ಲ. ಎಂಪಿ3 ಮಾಡುವಾಗ ಫೈಲಿನ ಹಿಂದೆ-ಮುಂದೆ ಚೂರು ಖಾಲಿ ಜಾಗ ಸೇರಿಕೊಳ್ಳುತ್ತೆ. ಅದನ್ನ ಕಳೆಯೋ ಬುದ್ಧಿ ರಿಸೀವರಿನ ಯುಎಸ್‌ಬಿಗೆ ಇರಲ್ಲ. ಪೆನ್‌ಡ್ರೈವೇ ಬೇಕಂದ್ರೆ ಮೂರೂ ಟ್ರ್ಯಾಕ್ ಸೇರಿಸಿ ಒಂದೇ ಫೈಲ್ ಮಾಡಿ.

ಚಿನ್ನದ_ಕಿವಿ (ಚಿಕ್ಕಮಗಳೂರು)
ಎಂಪಿ3 ಇಟ್ಕೊಳ್ಳೋದೇ ಬೇಡ. ನಾನು ನನ್ನ ಎಂಪಿ3 ಎಲ್ಲಾನೂ ಫ್ಲ್ಯಾಕ್‌ಗೆ ಬದಲಾಯಿಸಿದೆ. ದನಿ ಎಷ್ಟು ತಿಳಿಯಾಯ್ತು ಗೊತ್ತಾ, ವೀಣೆ ತಂತಿ ಮೀಟಿದ್ದು ಪಕ್ಕದಲ್ಲೇ ಕೇಳಿದ ಹಾಗೆ.

ಅರಸೀಕೆರೆ_ಜಂಕ್ಷನ್
ಏನು? ಎಂಪಿ3ಯಿಂದ ಫ್ಲ್ಯಾಕ್?

ರೋಬಸ್ಟಾ_ರಾಯ (ಮೂಡಿಗೆರೆ)
ಕಾಫಿ ಊರಲ್ಲಿ ಕೂತು ಈ ಮಾತು ಹೇಳ್ತೀಯಲ್ಲ ಮಾರಾಯ. ಅರ್ಧಕ್ಕರ್ಧ ಚಿಕೋರಿ ಇರೋ ಪುಡಿನ ಬೆಳ್ಳಿ ಡಬ್ಬಿಗೆ ಸುರಿದ್ರೆ ಚಿಕೋರಿ ಎದ್ದು ಹೋಗುತ್ತಾ? ಎಂಪಿ3 ಮಾಡುವಾಗ ಬಿಸಾಕಿದ್ದು ಬಿಸಾಕಿದ್ದೇ. ಫ್ಲ್ಯಾಕ್ ಇರೋದನ್ನ ಇದ್ದ ಹಾಗೆ ಕಾಪಾಡುತ್ತೆ, ಹೋಗಿದ್ದನ್ನ ತರಲ್ಲ. ಜಾಗ ಮಾತ್ರ ಮೂರು-ನಾಲ್ಕು ಪಟ್ಟು ತಿನ್ನುತ್ತೆ.

ಚಿನ್ನದ_ಕಿವಿ (ಚಿಕ್ಕಮಗಳೂರು)
ಸಿದ್ಧಾಂತ ಏನಾದ್ರೂ ಹೇಳಿ, ನನ್ನ ಕಿವಿಗೆ ಕೇಳ್ಸುತ್ತೆ.

ಪೈ_ಹುಡುಗ (ಹಾಸನ)
ಅಣ್ಣ, ಫೂಬಾರ್‌ಗೆ ಎಬಿಎಕ್ಸ್ ಅಂತ ಒಂದು ಜೋಡಣೆ ಸಿಗುತ್ತೆ. ಎರಡು ಫೈಲ್ ಕೊಟ್ರೆ ಯಾವುದು ಯಾವುದು ಅಂತ ಹೇಳದೇ ಕೇಳಿಸುತ್ತೆ, ನೀವು ಗುರುತು ಹಿಡೀಬೇಕು. ಹದಿನಾರು ಸಲ ಆಡಿ. ಹದಿನಾಲ್ಕು ಸರಿ ಬಂದ್ರೆ ನಾನೇ ಚಿಕ್ಕಮಗಳೂರಿಗೆ ಬಂದು ಕಾಫಿ ಕುಡಿಸ್ತೀನಿ.

ಚಿನ್ನದ_ಕಿವಿ (ಚಿಕ್ಕಮಗಳೂರು)
ಬಾ, ಎಂ.ಜಿ. ರೋಡಲ್ಲೇ ಕುಡಿಸ್ಬೇಕು. ಭಾನುವಾರ ಮಾಡ್ತೀನಿ.

ಕಡೂರು_ಕೊಬ್ಬರಿ
ಮಹಡಿಯವರೇ, ನಿಮ್ಮನೇಲಿ ಹಳೇ ಡೆಸ್ಕ್‌ಟಾಪ್ ಏನಾದ್ರೂ ಬಿದ್ದಿದೆಯಾ? ಎಷ್ಟೋ ಮದರ್‌ಬೋರ್ಡ್ ಹಿಂದೆ ಮೈಕು, ಸ್ಪೀಕರ್ ತೂತಿನ ಪಕ್ಕ ಒಂದು ಸಣ್ಣ ಚೌಕದ ತೂತು ಇರುತ್ತೆ. ಒಳಗೆ ಕೆಂಪು ಬೆಳಕು ಕಂಡ್ರೆ ಅದೇ ಆಪ್ಟಿಕಲ್. ನಮ್ಮಲ್ಲಿ ಅಂಥದ್ದೊಂದು ಡಬ್ಬ ಬರೀ ಹಾಡಿಗೇ ಇಟ್ಟಿದ್ದೀವಿ.

ವಿದ್ಯಾನಗರ_ಮಹಡಿ (ಹಾಸನ)
ಇದೆ ಇದೆ! ಅಟ್ಟದ ಮೇಲಿತ್ತು, ಈಗ ಇಳಿಸಿ ಧೂಳು ಹೊಡೆದೆ. ಹಿಂದೆ ಕೆಂಪು ಬೆಳಕು ಕಾಣ್ತಿದೆ. ಕೇಬಲ್ ನಾಳೆ ತರ್ತೀನಿ.

ಕಡೂರು_ಕೊಬ್ಬರಿ
ಕೇಬಲ್ ಎರಡೂ ತುದಿಗೆ ಕಡಲೆಕಾಳಿನಷ್ಟು ಸಣ್ಣ ಪಾರದರ್ಶಕ ಟೋಪಿ ಇರುತ್ತೆ. ಅದನ್ನ ಎಳೆದು ತೆಗೀರಿ, ಎಷ್ಟೋ ಜನ ತೆಗೆಯದೇ ಒತ್ತಿ ಒತ್ತಿ ತೂತೇ ಮುರೀತಾರೆ. ಗೋಡೆ ಮೂಲೇಲಿ ಮಡಚಬೇಡಿ, ದೊಡ್ಡ ಬಳಸಿನಲ್ಲಿ ತಿರುಗಿಸಿ.

ಪೈ_ಹುಡುಗ (ಹಾಸನ)
ಡೆಸ್ಕ್‌ಟಾಪ್ ಕರೆಂಟ್ ಜಾಸ್ತಿ ಕುಡಿಯುತ್ತೆ, ಫ್ಯಾನ್ ಸದ್ದು ಬೇರೆ. ನಾನಾದ್ರೆ ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್ ಹಾಕ್ತಿದ್ದೆ. ಅಂಗೈಯಷ್ಟಗಲ, ಸದ್ದಿಲ್ಲ. ಮೂಡ್ ಆಡಿಯೋ ಇಲ್ಲಾ ವಾಲ್ಯೂಮಿಯೋ ಅನ್ನೋ ಹಾಡಿನ ತಂತ್ರಾಂಶ ಹಾಕಿ, ಹಾರ್ಡ್‌ಡಿಸ್ಕ್ ಅದಕ್ಕೇ ಸಿಗಿಸಿ. ಮಹಡಿ ಮೇಲೆ ಕೂತು ಫೋನ್ ಬ್ರೌಸರ್‌ನಲ್ಲಿ ಹಾಡು ಆರಿಸಬಹುದು. ಪೈನ ಸ್ವಂತ ಹೆಡ್‌ಫೋನ್ ತೂತು ನಂಬಬೇಡಿ, ದನಿ ಸುಮಾರು. ಪೈ 5ರಲ್ಲಂತೂ ಆ ತೂತೇ ತೆಗೆದಿದ್ದಾರೆ. ಆಪ್ಟಿಕಲ್ ಇರೋ ಹ್ಯಾಟ್ ಅನ್ನೋ ಜೋಡಣೆ ಬೋರ್ಡನ್ನ ಪೈ ಮೇಲೆ ಕೂರಿಸಬೇಕು.

ಬಾಳೆಹೊನ್ನೂರು_ಭದ್ರಾ
ಪೈ ನಮ್ಮಲ್ಲೂ ಇತ್ತು. ಕರೆಂಟು ಹೋಗಿ ಬಂದು, ಹೋಗಿ ಬಂದು, ಮೆಮೊರಿ ಕಾರ್ಡ್ ಸತ್ತೇ ಹೋಯ್ತು. ಮಳೆ ಹಿಡಿದ್ರೆ ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ.

ಪೈ_ಹುಡುಗ (ಹಾಸನ)
ರೌಟರ್‌ಗೆ ಹಾಕೋ ಸಣ್ಣ ಯುಪಿಎಸ್‌ನಲ್ಲೇ ಕೆಲವು 5 ವೋಲ್ಟ್ ಔಟ್‌ಪುಟ್ ಇರೋದು ಬರುತ್ತೆ ಅಕ್ಕ. ಪೈ ಕೇಳೋವಷ್ಟು ಆಂಪಿಯರ್ ಕೊಡುತ್ತಾ ನೋಡಿ ತಗೊಳಿ. ಕಾರ್ಡಿನ ಒಂದು ನಕಲನ್ನೂ ತೆಗೆದಿಟ್ಕೊಳಿ.

ರೋಬಸ್ಟಾ_ರಾಯ (ಮೂಡಿಗೆರೆ)
ಯುಪಿಎಸ್ ವಿಷಯ ಬಂತು, ಇನ್ವರ್ಟರ್ ಬಗ್ಗೆನೂ ಹೇಳಿಬಿಡ್ತೀನಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರಿಸೀವರ್ ಹಾಕಬೇಡಿ. ಒಳಗಿನ ಟ್ರಾನ್ಸ್‌ಫಾರ್ಮರ್ರೇ ಜೇನುಗೂಡಿನ ಹಾಗೆ ಗುಯ್‌ಗುಡುತ್ತೆ, ಬಿಸಿಯಾಗುತ್ತೆ. ಸೈನ್ ವೇವ್ ಇದ್ರೆ ಮಾತ್ರ. ಜನ ಇದನ್ನೂ ಅರ್ಥ್ ಲೂಪ್ ಅಂದ್ಕೊಂಡು ಕೇಬಲ್ ಬದಲಾಯಿಸ್ತಾ ಕೂರ್ತಾರೆ.

ಮತ್ತೆ ಗುಡುಗು. ಏಪ್ರಿಲ್-ಮೇ ಮಧ್ಯಾಹ್ನ ಮೋಡ ಕಟ್ಟಿತು ಅಂದ್ರೆ ಸ್ವಿಚ್ ಆರಿಸೋದು ಸಾಲದು, ಪ್ಲಗ್ ಕಿತ್ತಿಡಬೇಕು. ಲ್ಯಾನ್ ಕೇಬಲ್ಲೂ, ಡಿಶ್ಶಿನ ಕೇಬಲ್ಲೂ. ನಮ್ಮ ಪಕ್ಕದ ತೋಟದಲ್ಲಿ ಪ್ಲಗ್ ಎಲ್ಲಾ ಕಿತ್ತಿಟ್ಟಿದ್ರು, ಡಿಶ್ ಕೇಬಲ್ ಒಂದು ಮರೆತ್ರು. ಟೀವಿ, ರಿಸೀವರ್ ಎರಡೂ ಹೋದ್ವು. ರಿಸೀವರ್ ಮುಚ್ಚಳ ಬಿಚ್ಚಿದ್ರೆ ಎಚ್‌ಡಿಎಂಐ ತೂತಿನ ಹಿಂದೆ ಬೋರ್ಡ್ ಮೇಲೆ ಬೆರಳಗಲದ ಮಸಿ, ಉಳಿದದ್ದೆಲ್ಲಾ ಹೊಸದರ ಹಾಗೇ ಇತ್ತು.

ಕೊಟ್ಟಿಗೆಹಾರದ_ಮಂಜು
ನಮ್ಮದು ಈಗ ಫೈಬರ್ ಇಂಟರ್‌ನೆಟ್, ಅದರಲ್ಲಿ ಮಿಂಚು ಬರಲ್ಲ ತಾನೇ?

ರೋಬಸ್ಟಾ_ರಾಯ (ಮೂಡಿಗೆರೆ)
ಗಾಜಿನ ಎಳೆಯಲ್ಲಿ ಬರಲ್ಲ, ರೌಟರಿನ ಅಡಾಪ್ಟರ್‌ನಲ್ಲಿ ಬರುತ್ತೆ. ಪಿನ್ ಹಾಕಿಸಿದ್ಯಾ?

ಕೊಟ್ಟಿಗೆಹಾರದ_ಮಂಜು
ಎಲೆಕ್ಟ್ರಿಷಿಯನ್ ಮದುವೆಗೆ ಹೋಗಿದಾನೆ. ಬಂದ ಮೇಲೆ.

ತಣ್ಣೀರುಹಳ್ಳ_ಎಕ್ಸ್‌ಪ್ರೆಸ್ (ಹಾಸನ)
ಮೂಡಿಗೆರೆ ಕಡೆ ತಗಡಿನ ಮಾಡಿನ ಮೇಲೆ ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಾರಿಸ್ತಿರುತ್ತಲ್ಲ, ಅಲ್ಲಿ ಫ್ಲ್ಯಾಕ್ ಕೇಳಿದ್ರೂ ಒಂದೇ, ಬ್ಲೂಟೂತ್ ಕೇಳಿದ್ರೂ ಒಂದೇ.

ರೋಬಸ್ಟಾ_ರಾಯ (ಮೂಡಿಗೆರೆ)
ನಮ್ಮದು ಹಂಚಿನ ಮನೆ, ಕೆಳಗೆ ಹಲಗೆ ಮುಚ್ಚಿಗೆ. ನಿಮ್ಮ ಕಾಂಕ್ರೀಟ್ ಹಾಲ್‌ಗಿಂತ ನೂರು ಪಾಲು ಚೆನ್ನಾಗಿ ಕೇಳುತ್ತೆ. ಬರಿಗೋಡೆ, ಟೈಲ್ಸ್ ನೆಲ ಇರೋ ಕಡೆ ದನಿ ಪುಟಿದು ಪುಟಿದು ಸಾಹಿತ್ಯವೇ ಅರ್ಥವಾಗಲ್ಲ. ಡ್ಯಾಕ್‌ಗೆ ದುಡ್ಡು ಸುರಿಯೋ ಮೊದಲು ಒಂದು ದಪ್ಪ ಜಮಖಾನ ಹಾಸಿ ನೋಡಿ.

ವಿದ್ಯಾನಗರ_ಮಹಡಿ (ಹಾಸನ)
ಕೇಬಲ್ ತಂದೆ. ಟೋಪಿ ತೆಗೆದೆ. ವಿಂಡೋಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಆರಿಸಿದೆ. ಸದ್ದೇ ಇಲ್ಲ! ಗುಂಯ್ ಕೂಡ ಇಲ್ಲ ಅನ್ನೋದೊಂದೇ ಸಮಾಧಾನ.

ಅರಸೀಕೆರೆ_ಜಂಕ್ಷನ್
ರಿಸೀವರ್ ಮೆನುವಲ್ಲಿ ‘ಇನ್‌ಪುಟ್ ಅಸೈನ್’ ಇರುತ್ತೆ ನೋಡಿ. ಆಪ್ಟಿಕಲ್ ತೂತನ್ನ ಕಂಪನಿಯವರು ಟೀವಿಗೋ ಡಿವಿಡಿಗೋ ಕಟ್ಟಿರ್ತಾರೆ. ಅದನ್ನ ಸೀಡಿಗೆ ಕಟ್ಟಿ, ಸೀಡಿ ಬಟನ್ ಒತ್ತಿ. ಫೋನೋ ಅಂತ ಇರೋದಕ್ಕೆ ಮಾತ್ರ ಯಾವತ್ತೂ ಏನೂ ಕೊಡಬೇಡಿ. ಅದು ತಟ್ಟೆ ರೆಕಾರ್ಡಿನ ಸೂಜಿಯಿಂದ ಬರೋ ಬಡಕಲು ಸಿಗ್ನಲ್ಲಿಗೆ ಇರೋದು, ಒಳಗೇ ನೂರಾರು ಪಟ್ಟು ಏರಿಸಿ ಮಂದ್ರ ಜಾಸ್ತಿ ಮಾಡುತ್ತೆ. ಕಂಪ್ಯೂಟರ್ ಕೊಟ್ರೆ ದನಿ ಒಡೆದು ಗೊರಗೊರ ಅನ್ನುತ್ತೆ.

ವಿದ್ಯಾನಗರ_ಮಹಡಿ (ಹಾಸನ)
ಬಂತು!! ಟೀವಿಗೆ ಕಟ್ಟಿತ್ತು. ಸೆಟ್‌ಟಾಪ್ ಕೇಬಲ್ಲೂ ಹಾಕಿದೀನಿ, ಎಲ್ಲಾ ಹಾಕಿದೀನಿ, ಆದ್ರೂ ಒಂಚೂರು ಗುಂಯ್ ಇಲ್ಲ. ಒಂದೇ ಒಂದು, ಹಾಡಿನ ಮಧ್ಯೆ ವಾಟ್ಸಾಪ್ ಮೆಸೇಜ್ ಬಂದ್ರೆ ಆಳೆತ್ತರದ ಸ್ಪೀಕರ್‌ನಲ್ಲಿ ಟಿಂಗ್ ಅನ್ನುತ್ತೆ. ಮನೆಯವರು ಬೆಚ್ಚಿಬಿದ್ರು.

ಪೈ_ಹುಡುಗ (ಹಾಸನ)
ಫೂಬಾರ್ ಔಟ್‌ಪುಟ್‌ನಲ್ಲಿ ಎಕ್ಸ್‌ಕ್ಲೂಸಿವ್ ಅಂತ ಇರೋದನ್ನ ಆರಿಸಿ. ಆಗ ಹಾಡು ವಿಂಡೋಸ್ ಮಿಕ್ಸರಿಗೆ ಹೋಗದೇ ನೇರ ಹೋಗುತ್ತೆ, ಬೇರೆ ಯಾವ ಸದ್ದೂ ನುಗ್ಗಲ್ಲ. ಸೀಡಿಯ 44.1 ಕಿಲೋಹರ್ಟ್ಸ್ ಫೈಲನ್ನ ವಿಂಡೋಸ್ 48ಕ್ಕೆ ಎಳೆದಾಡೋದೂ ತಪ್ಪುತ್ತೆ. ಕಂಪ್ಯೂಟರ್ ವಾಲ್ಯೂಮ್ ಪೂರ್ತಿ ಇಟ್ಟು, ಏರಿಸೋದು ಇಳಿಸೋದು ರಿಸೀವರ್‌ನಲ್ಲೇ ಮಾಡಿ.

ತಂಬೂರಿ_ಶ್ರುತಿ (ಅರಕಲಗೂಡು)
ರಿಸೀವರ್‌ನಲ್ಲಿ ಹಾಲ್, ಸ್ಟೇಡಿಯಂ ಅಂತೆಲ್ಲಾ ಇದ್ರೆ ಆರಿಸಿಬಿಡಿ. ಸ್ಟೀರಿಯೋ ಇಲ್ಲಾ ಡೈರೆಕ್ಟ್ ಇಡಿ. ಹಳೇ ಮೋನೋ ಕಚೇರಿಗೆ ಸ್ಟೇಡಿಯಂ ಹಾಕಿದ್ರೆ ವಿದ್ವಾಂಸರು ಬಾವಿಯೊಳಗಿಂದ ಹಾಡಿದಂಗೆ ಇರುತ್ತೆ.

ಮಾವನೋರ ಕ್ಯಾಸೆಟ್ ಇನ್ನೂ ಇದ್ಯಾ? ಮತ್ತೊಮ್ಮೆ ಇಳಿಸೋದಾದ್ರೆ ಡೆಕ್ಕಿನ ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ತಂತ್ರಾಂಶದಲ್ಲಿ ದನಿಯ ಮಟ್ಟ ತೋರಿಸೋ ಮುಳ್ಳು -6 ಡೆಸಿಬೆಲ್ ದಾಟದ ಹಾಗೆ ನೋಡ್ಕೊಂಡು ಫ್ಲ್ಯಾಕ್‌ನಲ್ಲಿ ಉಳಿಸಿ. ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಕಂಡ್ರೆ ಹಾಗೇ ಓಡಿಸಬೇಡಿ. ಆ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ.

ವಿದ್ಯಾನಗರ_ಮಹಡಿ (ಹಾಸನ)
ಒಂದು ಡಬ್ಬಿ ತುಂಬಾ ಇವೆ ಅಕ್ಕ. ಬೂಷ್ಟು ಇದೆಯಾ ನೋಡ್ತೀನಿ. ಸದ್ಯಕ್ಕೆ ಡೆಸ್ಕ್‌ಟಾಪೇ ಇರಲಿ. ಹಾಸನಾಂಬೆ ಬಾಗಿಲು ತೆಗೆಯುವಾಗ ನೆಂಟರು ತುಂಬ್ಕೊಳ್ತಾರೆ, ಅದಕ್ಕೆ ಮುಂಚೆ ವೈರೆಲ್ಲಾ ಗೋಡೆಗೆ ಹೊಡೀಬೇಕು.

ಕಡೂರು_ಕೊಬ್ಬರಿ
ಕಾರಿಂದು ಬಿಚ್ಚಿದ 4 ಓಮ್ ಸ್ಪೀಕರ್ ಎರಡಿವೆ, ನಮ್ಮ ರಿಸೀವರ್‌ಗೆ ಹಾಕಬಹುದಾ? ಹಿಂದೆ ‘6 ರಿಂದ 16 ಓಮ್’ ಅಂತ ಬರೆದಿದೆ.

ರೋಬಸ್ಟಾ_ರಾಯ (ಮೂಡಿಗೆರೆ)
ಬರೆದಿದ್ದಾರಲ್ಲ ಮಾರಾಯ್ರೆ, ಬೇಡ. ಓಮ್ ಕಮ್ಮಿ ಆದಷ್ಟೂ ಆಂಪ್ಲಿಫೈಯರ್ ಜಾಸ್ತಿ ಕರೆಂಟ್ ಕೊಡಬೇಕು. ಮೆಲ್ಲಗೆ ಇಟ್ರೆ ನಡೆದೀತು. ಮದುವೆ ಮನೆ ಥರ ಇಟ್ರೆ ಕಾದು ತಾನೇ ಆಫ್ ಆಗುತ್ತೆ, ಇಲ್ಲಾ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತೆ.

ಪೈ_ಹುಡುಗ (ಹಾಸನ)
ಚಿನ್ನದ ಕಿವಿ ಅಣ್ಣ, ಭಾನುವಾರ ಆಯ್ತು. ಎಬಿಎಕ್ಸ್ ಏನಾಯ್ತು?

ಚಿನ್ನದ_ಕಿವಿ (ಚಿಕ್ಕಮಗಳೂರು)
ಇಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ.

ರೋಬಸ್ಟಾ_ರಾಯ (ಮೂಡಿಗೆರೆ)
ಮೂಡಿಗೆರೆಯಲ್ಲೇ ಇದೆ, ಚಿಕ್ಕಮಗಳೂರಲ್ಲಿ ಎಂತಕ್ಕೆ ಹೋಯ್ತು ಮಾರಾಯ?